ಎರಡಡಿ ಪೈಪು

ಅಜ್ಜಂಪುರದ ಅನಿತಾ ಮೂರನೇ ಸಲ ಫೋನ್ ಮಾಡಿದಾಗ ಬೀರೂರಿನ ವಜೀರ್ ಸಾಬರಿಗೆ ಇಲ್ಲ ಎನ್ನುವ ಶಕ್ತಿಯೂ ಉಳಿದಿರಲಿಲ್ಲ. ಹಿಂದಿನ ಎರಡು ಸಲವೂ ಅವರು ಮಂಡಿ ನೋವಿನ ಕಥೆ ಹೇಳಿ ತಪ್ಪಿಸಿಕೊಂಡಿದ್ದರು. ಕಥೆಯೇನೂ ಸುಳ್ಳಲ್ಲ. ಅರವತ್ತೆರಡು ವರ್ಷ ವಯಸ್ಸು, ಅದರಲ್ಲಿ ಮೂವತ್ತೆಂಟು ವರ್ಷ ಏಣಿಯ ಮೇಲೆ. ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಮುಂದಿನ ಹಲ್ಲೊಂದರಲ್ಲಿ ಕಚ್ಚು ಬಿದ್ದಿತ್ತು. ಈಗ ಆ ಹಲ್ಲೂ ಅಲ್ಲಾಡುತ್ತಿತ್ತು. ಎರಡು ವರ್ಷದಿಂದ ಅವರು ಬೀರೂರು ಬಿಟ್ಟು ಹೊರಗಿನ ಕೆಲಸ ಒಪ್ಪಿಕೊಳ್ಳುತ್ತಿರಲಿಲ್ಲ. ಊರೊಳಗೆ ಫ್ಯಾನು, ಸ್ವಿಚ್ಚು, ಯಾರದಾದರೂ ಮೋಟರು, ಅಷ್ಟೇ.

"ಸಾಬ್ರೇ, ನಾಲ್ಕನೇ ಎಲೆಕ್ಟ್ರಿಷಿಯನ್ ನೀವು," ಎಂದಳು ಅನಿತಾ. ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತೆ ಅವಳು. ದಿನವಿಡೀ ಜನರ ಅಹವಾಲು ಕೇಳಿದ ಆಯಾಸ ದನಿಯಲ್ಲೇ ಇತ್ತು. "ಬಚ್ಚಲ ನಲ್ಲಿ ಮುಟ್ಟಿದ್ರೆ ಶಾಕ್ ಹೊಡೀತಿದೆ. ಮೊದಲನೇ ಅವನು ಬಂದು ಫೋಟೋ ತಕ್ಕೊಂಡು ನಾಳೆ ಬತ್ತೀನಿ ಅಂದ, ಆ ನಾಳೆ ಇನ್ನೂ ಬಂದಿಲ್ಲ. ಎರಡನೇ ಅವನು ಗೀಸರ್ ಹಾಳಾಗಿದೆ ಅಂದ. ಹೊಸದು ಹಾಕಿಸಿದ್ವಿ, ಅದೂ ಹೊಡೀತು. ಮೂರನೇ ಅವನು ಮರದ ಹಲಗೆ ಮೇಲೆ ನಿಂತು ಸ್ನಾನ ಮಾಡಿ ಅಂದ್ಬಿಟ್ಟ. ಮಗಳಿಗೆ ಏಳು ವರ್ಷ. ನಲ್ಲೀನ ಒಣ ಟವಲ್ ಸುತ್ತಿ ತಿರುಗಿಸ್ತಾಳೆ ಕಣ್ರೀ."

ಟವಲ್ಲಿನ ಮಾತು ಕೇಳಿದ ಮೇಲೆ ವಜೀರ್ ಸಾಬರು ಮಂಡಿಯ ಕಥೆ ಎತ್ತಲಿಲ್ಲ. ಬೆಳಗಿನ ಪ್ಯಾಸೆಂಜರಿಗೆ ಬರುತ್ತೇನೆ ಎಂದರು.

ಅಜ್ಜಂಪುರ ತಾಲ್ಲೂಕಾದ ಮೇಲೆ ಸ್ಟೇಷನ್ ರಸ್ತೆಯಲ್ಲಿ ಅಂಗಡಿಗಳು ತುಂಬಿಕೊಂಡಿದ್ದವು. ಅನಿತಾ ಹೇಳಿದ ಗುರುತು ಹಿಡಿದು ಹೋದರು. ಎರಡು ಅಂತಸ್ತಿನ ಹಸಿರು ಬಣ್ಣದ ಮನೆ, ಮುಂದೆ ಜೆರಾಕ್ಸ್ ಅಂಗಡಿ. ಮನೆ ಅವರಿಗೆ ಪರಿಚಯದ್ದು ಅನಿಸಲಿಲ್ಲ. ಅನಿತಾಳ ಗಂಡ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಅರಸೀಕೆರೆಯಲ್ಲಿ ಡ್ಯೂಟಿಯಲ್ಲಿದ್ದ. ಮನೆಯಲ್ಲಿ ಅನಿತಾ, ಅವಳ ಅತ್ತೆ ಹನುಮಂತಮ್ಮ, ಮಗಳು ಭೂಮಿಕಾ.

ಬಚ್ಚಲಲ್ಲಿ ನಲ್ಲಿಗೆ ಟೆಸ್ಟರ್ ಇಟ್ಟರು. ಅದರ ದೀಪ ಹತ್ತಿತು. ಗೀಸರಿನ ಪ್ಲಗ್ ಕಿತ್ತು ಟೆಸ್ಟರನ್ನು ಮತ್ತೆ ಇಟ್ಟರು, ದೀಪ ಹತ್ತಲಿಲ್ಲ. ಪ್ಲಗ್ ಹಾಕಿ, ಸ್ವಿಚ್ ಮಾತ್ರ ಆರಿಸಿ ನೋಡಿದರು, ದೀಪ ಹತ್ತಿತು. ಹಾಗಾದರೆ ಕರೆಂಟು ಬರುತ್ತಿರುವುದು ಗೀಸರಿನಿಂದಲ್ಲ, ಹಸಿರು ವೈರಿನಿಂದ. ಅವರು ಒಂದೊಂದೇ ಸಾಮಾನು ಬಿಡಿಸುತ್ತ ಹೋಗಿ ಅಡುಗೆಮನೆಗೆ ಬಂದರು. ಹಳೆಯ ಫ್ರಿಜ್ಜಿನ ಪ್ಲಗ್ ಕಿತ್ತ ಕೂಡಲೇ ನಲ್ಲಿ ಸುಮ್ಮನಾಯಿತು.

"ಫ್ರಿಜ್ ಒಳಗೆ ಸೋರ್ತಾ ಇದೆಯಮ್ಮಾ," ಎಂದು ಅನಿತಾಳಿಗೆ ಬಿಡಿಸಿ ಹೇಳಿದರು. "ಹಂಗೆ ಸೋರಿದ ಕರೆಂಟು ಹಸಿರು ವೈರು ಹಿಡ್ಕೊಂಡು ಭೂಮಿಗೆ ಇಳಿದು ಹೋಗ್ಬೇಕು. ಅರ್ಥಿಂಗ್ ಅಂದ್ರೆ ಅದೇ. ಭೂಮಿ ಸಿಗದೇ ಇದ್ರೆ ಅದೇ ವೈರಲ್ಲಿ ತಿರುಗಿ ಗೀಸರಿಗೆ ಬರ್ತದೆ, ಅಲ್ಲಿಂದ ನಲ್ಲಿಗೆ."

"ಅರ್ಥಿಂಗ್ ಇದೆ ಅಂದ್ರು ಅತ್ತೆ. ಹಿಂದುಗಡೆ ಪೈಪ್ ಇದೆ."

"ಇದ್ದೀತು. ಕೆಲಸ ಮಾಡ್ತಿದೆಯಾ ನೋಡಣ."

ಅವರ ಚೀಲದಲ್ಲಿ ಹೋಲ್ಡರಿಗೆ ಹಾಕಿದ ಒಂದು ಹಳೇ ಬಲ್ಬು, ಅದಕ್ಕೆರಡು ಉದ್ದನೆಯ ವೈರು ಇದ್ದವು. ಒಂದು ವೈರನ್ನು ಕರೆಂಟಿಗೆ, ಇನ್ನೊಂದನ್ನು ಅರ್ಥಿಂಗಿಗೆ ಹಿಡಿದರೆ ಬಲ್ಬು ಢಾಳಾಗಿ ಉರಿಯಬೇಕು. ಉರಿಯಲಿಲ್ಲ. ಒಳಗಿನ ಎಳೆ ಮಾತ್ರ ಬೀಡಿಯ ತುದಿಯಂತೆ ಕೆಂಪಗಾಗಿ ನಿಂತಿತು.

ಮೀಟರ್ ಬೋರ್ಡಿನ ಮರದ ಪೆಟ್ಟಿಗೆ ಬಿಚ್ಚಿದರು. ಒಳಗೆ ವೈರುಗಳನ್ನು ಜಡೆಯಂತೆ ಹೆಣೆದು ಹತ್ತಿಯ ದಾರದಿಂದ ಮೂರು ಕಡೆ ಕಟ್ಟಿತ್ತು. ಹಾಗೆ ದಾರ ಕಟ್ಟುವವರು ಈ ಕಡೆಯಲ್ಲೆಲ್ಲ ಒಬ್ಬರೇ. ಬಾಗಿಲನ್ನು ತಿರುವಿ ನೋಡಿದರು. ಪೆನ್ಸಿಲಿನಲ್ಲಿ ಬರೆದ ಅಕ್ಷರ ಮಸಕಾಗಿತ್ತು, ಆದರೆ ಓದಬಹುದಿತ್ತು: ವಜೀರ್, ಬೀರೂರು, 12-4-98.

ಹಿಂದಿನಿಂದ ಹನುಮಂತಮ್ಮ ಬಂದು ಮುಖವನ್ನೇ ನೋಡುತ್ತ ನಿಂತರು. "ಆಗ್ಲಿಂದ ನೋಡ್ತಾ ಇವ್ನಿ. ನೀವು ಆ ಬೀರೂರು ಸಾಬ್ರೇ ಅಲ್ವಾ? ಗಡ್ಡ ಬೆಳ್ಳಗಾಗದೆ. ನಮ್ಮ ಮನೆ ಕಟ್ಟಿಸ್ದಾಗ ಕರೆಂಟಿನ ಕೆಲ್ಸ ಮಾಡಿದ್ರಿ. ಆಗ ಇದು ಹೆಂಚಿನ ಮನೆ, ಮೇಲೇನೂ ಇರ್ಲಿಲ್ಲ."

"ಹೌದಮ್ಮಾ," ಎಂದರು ವಜೀರ್ ಸಾಬರು.

"ನೀವು ಹೇಳಿದ್ದು ನಾನು ಮರ್ತಿಲ್ಲ ನೋಡಿ. ಬ್ಯಾಸಿಗೇಲಿ ಆ ಪೈಪಿನ ಬುಡಕ್ಕೆ ನೀರು ಹಾಕ್ಬೇಕು, ಇಲ್ದಿದ್ರೆ ಭೂಮಿ ಒಣಗಿ ಕರೆಂಟು ಇಳಿಯಲ್ಲ ಅಂದಿದ್ರಿ. ಇಪ್ಪತ್ತೇಳು ವರ್ಸ, ಒಂದ್ ವರ್ಸನೂ ತಪ್ಸಿಲ್ಲ. ನಲ್ಲೀಲಿ ವಾರಕ್ಕೊಂದ್ಸಲ ಮಾತ್ರ ನೀರು ಬರ್ತಿತ್ತಲ್ಲ, ಆ ವರ್ಸಾನೂ ಎರಡು ಬಿಂದಿಗೆ ಹುಯ್ದೀನಿ."

ಪೈಪು ಹಿತ್ತಿಲ ಗೋಡೆಯ ಪಕ್ಕದಲ್ಲಿತ್ತು. ಸುತ್ತಲೂ ಕಟ್ಟೆ ಕಟ್ಟಿ ಸುಣ್ಣ ಬಳಿದಿತ್ತು. ನೆಲ ಇನ್ನೂ ತೇವವಾಗಿತ್ತು.

ವಜೀರ್ ಸಾಬರು ಬೋರ್ಡಿನ ಬಾಗಿಲು ಮುಚ್ಚಿ ಚೀಲ ಕಟ್ಟಿದರು. ಫ್ರಿಜ್ಜನ್ನೂ ಗೀಸರನ್ನೂ ಹಾಕಬೇಡಿ, ನಾಳೆ ಸಾಮಾನು ತರುತ್ತೇನೆ ಎಂದಷ್ಟೇ ಹೇಳಿ ಸ್ಟೇಷನ್ನಿಗೆ ನಡೆದರು. "ನಾಳೆ ನೀವಾದ್ರೂ ಬತ್ತೀರಲ್ವಾ?" ಎಂದು ಅನಿತಾ ಗೇಟಿನಿಂದ ಕೂಗಿ ಕೇಳಿದಳು.

ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಅವರು ಹೊರಗೆ ನೋಡಲಿಲ್ಲ. ಆ ಏಪ್ರಿಲ್ ತಿಂಗಳು ಪೂರ್ತಿ ನೆನಪಾಗುತ್ತಿತ್ತು. ಹನುಮಂತಮ್ಮನ ಗಂಡ ಉಗ್ರಪ್ಪನವರು ಗೃಹಪ್ರವೇಶಕ್ಕೆ ದಿನ ಇಟ್ಟುಬಿಟ್ಟಿದ್ದರು, ಉಳಿದದ್ದು ಎರಡೇ ದಿನ. ಅರ್ಥಿಂಗಿಗೆ ಎಂಟಡಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಉದ್ದನೆಯ ಪೈಪು ಇಳಿಸಬೇಕು. ಎರಡಡಿಗೆ ಕಲ್ಲು ಸಿಕ್ಕಿತು. ಬೇರೆ ಕಡೆ ತೋಡಬಹುದಿತ್ತು. ಆದರೆ ಆಗ ಅವರ ಕೈಯಲ್ಲಿ ಒಂದೇ ಸಲ ಮೂರು ಮನೆಗಳ ಕೆಲಸ. ನಾಲ್ಕು ಗಂಟೆಯ ರೈಲು ತಪ್ಪಿದರೆ ರಾತ್ರಿಯವರೆಗೆ ಕೂರಬೇಕು. ಪೈಪನ್ನು ಎರಡಡಿಗೆ ಕತ್ತರಿಸಿ ಕಲ್ಲಿನ ಮೇಲೆ ನಿಲ್ಲಿಸಿ, ಮಣ್ಣು ಮುಚ್ಚಿ, ಹಸಿರು ವೈರು ಸುತ್ತಿದ್ದರು. ಗೃಹಪ್ರವೇಶ ಮುಗಿಯಲಿ, ಬಂದು ಸರಿ ಮಾಡುತ್ತೇನೆ ಎಂದುಕೊಂಡಿದ್ದರು. ಉಗ್ರಪ್ಪನವರಿಗೆ ಹೇಳಿರಲಿಲ್ಲ. ಹನುಮಂತಮ್ಮನಿಗೆ ಮಾತ್ರ, ಎಲ್ಲ ಮನೆಯಲ್ಲೂ ಹೇಳುವ ಅಭ್ಯಾಸದಂತೆ, ನೀರು ಹಾಕಲು ಹೇಳಿ ಬಂದಿದ್ದರು.

ಏನೂ ಆಗಲಿಲ್ಲ. ಮನೆಯಲ್ಲಿ ನಾಲ್ಕು ಬಲ್ಬು, ಒಂದು ಫ್ಯಾನು, ಸ್ನಾನಕ್ಕೆ ಒಲೆ ಮೇಲಿನ ಹಂಡೆ. ಏನಾಗಬೇಕು? ಏನೂ ಆಗದ್ದರಿಂದಲೇ ಇನ್ನೊಂದು ಮನೆಯಲ್ಲೂ ಹಾಗೇ ಮಾಡಿದರು. ಆ ಎರಡನೇ ಸಲ ಕಲ್ಲೂ ಬೇಕಾಗಲಿಲ್ಲ.

ಮನೆಗೆ ಬಂದು ಹೆಂಡತಿ ಶಮ್ಶುನ್ನೀಸಾಳಿಗೆ ಎಲ್ಲವನ್ನೂ ಹೇಳಿದರು. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು. "ಜಾನೆ ದೇವ್," ಎಂದಳು ಕೊನೆಗೆ. "ಹೋಗ್ಲಿ ಬಿಡಿ. ಈಗ ಸರಿ ಮಾಡ್ತಾ ಇದೀರಲ್ಲ, ಸುಮ್ನೆ ಮಾಡಿ ಬನ್ನಿ. ಯಾಕೆ ಹೇಳ್ಬೇಕು?"

"ಆಯಮ್ಮ ಇಪ್ಪತ್ತೇಳು ವರ್ಷ ನೀರು ಹುಯ್ದಿದಾಳೆ."

ಶಮ್ಶುನ್ನೀಸಾ ಮೊರ ಕೆಳಗಿಟ್ಟಳು. "ಹಂಗಾದ್ರೆ ಹೇಳಿ," ಎಂದಳು.

ಮರುದಿನ ಗುಂಡಿ ತೋಡಲು ತಿಪ್ಪೇಶ್ ಎಂಬ ಕೂಲಿಯವನನ್ನು ಕರೆದುಕೊಂಡು ಹೋದರು. ಭಾನುವಾರವಾದ್ದರಿಂದ ಅನಿತಾ ಅಂದೂ ಮನೆಯಲ್ಲೇ ಇದ್ದಳು. ವಜೀರ್ ಸಾಬರು ಇಬ್ಬರು ಹೆಂಗಸರನ್ನೂ ಹಿತ್ತಿಲಿಗೆ ಕರೆದರು. ಮೇನ್ ಆರಿಸಿ, ಪೈಪಿನಿಂದ ವೈರು ಬಿಡಿಸಿ, ಬುಡದ ಮಣ್ಣನ್ನು ನಾಲ್ಕು ಸಲ ಹಾರೆಯಿಂದ ಸಡಿಲಿಸಿದರು. ಆಮೇಲೆ ಬಗ್ಗಿ, ಒಂದೇ ಕೈಯಲ್ಲಿ, ಪೈಪನ್ನು ಎತ್ತಿ ನೆಲದ ಮೇಲೆ ಮಲಗಿಸಿದರು. ಬುಡವೆಲ್ಲ ತುಕ್ಕು ತಿಂದಿತ್ತು.

"ಇದು ಎಂಟಡಿ ಇರ್ಬೇಕಿತ್ತಮ್ಮಾ. ಕಲ್ಲು ಸಿಕ್ತು ಅಂತ ನಾನೇ ಕತ್ತರಿಸಿ ಇಟ್ಟೆ. ಸರಿ ಮಾಡ್ತೀನಿ ಅಂದ್ಕೊಂಡು ಬರ್ಲೇ ಇಲ್ಲ. ನಿಮ್ಮ ಯಜಮಾನ್ರಿಗೂ ಹೇಳಿರ್ಲಿಲ್ಲ. ತಪ್ಪು ನಂದು."

ಹನುಮಂತಮ್ಮ ಪೈಪನ್ನೂ ಸುಣ್ಣ ಬಳಿದ ಕಟ್ಟೆಯನ್ನೂ ನೋಡಿದರು. "ಇಷ್ಟೇನಾ?" ಎಂದರು. ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಅನಿತಾ ರೇಗುತ್ತಾಳೆಂದು ವಜೀರ್ ಸಾಬರು ಕಾದರು. ಅವಳ ಕಣ್ಣು ಕೆಂಪಗಾಯಿತು, ಆದರೆ ದನಿ ಏರಲಿಲ್ಲ. "ನನ್ನ ಮಗಳು ದಿನಾ ಅದೇ ನೀರಲ್ಲಿ ನಿಂತಿದ್ಲು ಸಾಬ್ರೇ," ಎಂದಳು. ಆಮೇಲೆ, "ಬೈಯಕ್ಕೂ ಚೈತನ್ಯ ಇಲ್ಲ ನಂಗೆ. ನಿಮ್ಮನ್ನ ಕಳಿಸಿದ್ರೆ ಐದನೇ ಅವನನ್ನ ಎಲ್ಲಿಂದ ಹುಡುಕ್ಲಿ? ಮಾಡಿ. ಪೂರ್ತಿ ಮಾಡಿ. ಗುಂಡಿ ಮುಚ್ಚೋ ಮುಂಚೆ ನನ್ನ ಕರೀರಿ, ನಾನೇ ಕಣ್ಣಾರೆ ನೋಡ್ತೀನಿ."

ಗೋಡೆಯ ಹತ್ತಿರ ಬಿಟ್ಟು ಹಿತ್ತಿಲ ಇನ್ನೊಂದು ಮೂಲೆಯಲ್ಲಿ ತಿಪ್ಪೇಶ್ ಅಗೆದ. ಅಲ್ಲಿ ಕಲ್ಲಿರಲಿಲ್ಲ. ಎಂಟಡಿಯವರೆಗೂ ಕಪ್ಪು ಮಣ್ಣು ಬೆಣ್ಣೆಯಂತೆ ಬಂತು. ಅಂದು ಹದಿನೈದು ಹೆಜ್ಜೆ ಆಚೆ ನಡೆದಿದ್ದರೆ ಆಗುತ್ತಿತ್ತು. ವಜೀರ್ ಸಾಬರು ಗುಂಡಿಯ ಅಂಚಿನಲ್ಲಿ ಕೂತು ಅದನ್ನೇ ನೋಡಿದರು. ಅನಿತಾ ಟೇಪು ತಂದು ಅಳತೆ ಹಿಡಿದಳು. ಇದ್ದಿಲು ಒಂದು ಪದರ, ಉಪ್ಪು ಒಂದು ಪದರ, ನಡುವೆ ಹೊಸ ಪೈಪು.

ಮನೆಯೊಳಗಿನ ಕೆಲಸ ಇನ್ನೂ ಮೂರು ದಿನ ಹಿಡಿಯಿತು. ಹಳೇ ಫ್ಯೂಸುಗಳನ್ನು ತೆಗೆದು, ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬಿದ್ದು ಮೇನ್ ನಿಲ್ಲಿಸುವ ಟ್ರಿಪ್ ಸ್ವಿಚ್ ಕೂರಿಸಿದರು. ಕೂರಿಸಿದ ಕೂಡಲೇ ಅದು ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಫ್ರಿಜ್ ಬಿಡಿಸಿಟ್ಟಿದ್ದರೂ ಎಲ್ಲೋ ಇನ್ನೊಂದು ಕಡೆ ಸೋರುತ್ತಿತ್ತು. ಕೋಣೆ ಕೋಣೆ ಹುಡುಕಿ, ಮೇಲಂತಸ್ತು ಕಟ್ಟಿದಾಗ ಬೇರೆ ಯಾರೋ ಹಾಕಿದ ಜೋಡಣೆಯೊಂದು ಗೋಡೆಯೊಳಗೆ ಬೆಂದುಹೋಗಿದ್ದುದನ್ನು ಪತ್ತೆ ಮಾಡುವಷ್ಟರಲ್ಲಿ ಸಂಜೆಯಾಯಿತು. ಏಣಿಯಿಂದ ಇಳಿಯುವಾಗ ಮಂಡಿ ಮಡಿಸಲಾಗದೆ ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದರು. ಬೆರಳುಗಳಿಗೆ ಸ್ಕ್ರೂ ಸಿಕ್ಕಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕೂಲಿಯ ಮಾತನ್ನು ಅವರೂ ಎತ್ತಲಿಲ್ಲ, ಅನಿತಾಳೂ ಎತ್ತಲಿಲ್ಲ.

ಕೊನೆಯ ದಿನ ಸಂಜೆ ಹಳೇ ಬಲ್ಬಿನ ವೈರನ್ನು ಹೊಸ ಪೈಪಿಗೆ ಹಿಡಿದರು. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು. ಅನಿತಾ ಬಚ್ಚಲಿಗೆ ಹೋಗಿ ಬರಿಗೈಯಲ್ಲಿ ನಲ್ಲಿ ಹಿಡಿದು ನಿಂತಳು. ಭೂಮಿಕಾಳನ್ನು ಕರೆದರೆ ಅವಳು ಮೊದಲು ಒಂದು ಬೆರಳು ಇಟ್ಟಳು, ಆಮೇಲೆ ಇಡೀ ಕೈ. ಮೂರು ದಿನದಿಂದ ವಜೀರ್ ಸಾಬರೊಡನೆ ಮಾತಾಡದಿದ್ದ ಹನುಮಂತಮ್ಮ ಒಂದು ಲೋಟ ಟೀ ತಂದು ಏಣಿಯ ಪಕ್ಕ ಇಟ್ಟರು.

"ಇದಕ್ಕೂ ನೀರು ಹಾಕ್ಬೇಕಾ?" ಎಂದು ಕೇಳಿದರು.

"ಹಾಕ್ಬೇಕಮ್ಮಾ. ಬೇಸಿಗೇಲಿ."

"ಸರಿ," ಎಂದು ಒಳಗೆ ಹೋದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಜೀರ್ ಸಾಬರಿಗೆ ಹಾಗೇ ಗಿಡ್ಡ ಪೈಪು ಹೂತ ಇನ್ನೂ ಮೂರು ಮನೆಗಳು ಖಚಿತವಾಗಿ ನೆನಪಿದ್ದವು. ತರೀಕೆರೆಯಲ್ಲೊಂದು, ಕಡೂರಿನಲ್ಲೊಂದು, ಅಂತರಘಟ್ಟೆಯಲ್ಲೊಂದು. ನೆನಪಿಲ್ಲದವು ಎಷ್ಟೋ. ಎರಡು ದಿನ ಚಾಪೆ ಬಿಟ್ಟು ಏಳಲಿಲ್ಲ. ಮೂರನೇ ದಿನ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ತರೀಕೆರೆಯ ಬಸ್ ಹತ್ತಿದರು.

ತರೀಕೆರೆಯಲ್ಲಿ ಆ ಮನೆಯೇ ಇರಲಿಲ್ಲ. ಅದನ್ನು ಕೆಡವಿ ಮೂರು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟಿದ್ದರು. ಎದುರಿನ ಹೋಟೆಲಿನಲ್ಲಿ ಕೂತು ಅದನ್ನು ನೋಡುವಾಗ ಅವರಿಗೆ ಎದೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

ಕಡೂರಿನ ಮನೆ ಹಾಗೇ ಇತ್ತು. ಯಜಮಾನ ಮುದ್ದಪ್ಪ, ನಿವೃತ್ತ ಮೇಷ್ಟರು, ಗೇಟಿನ ಒಳಗೇ ನಿಂತು ಮಾತು ಕೇಳಿಸಿಕೊಂಡರು. ಪಕ್ಕದಲ್ಲಿ ಅವರ ಸೊಸೆ ಸ್ಫೂರ್ತಿ ಬಟ್ಟೆ ಒಣಗಿಸುತ್ತಿದ್ದಳು.

"ನಾನೇ ಕೈಯಾರೆ ತಪ್ಪು ಮಾಡಿದೀನಿ ಸಾರ್. ಬಿಟ್ಟಿಯಾಗೇ ಸರಿ ಮಾಡಿ ಕೊಡ್ತೀನಿ."

"ಬಿಟ್ಟಿ ಅಂತಾನೇ ಶುರು ಮಾಡೋದು ಎಲ್ರೂ," ಎಂದರು ಮುದ್ದಪ್ಪ. "ನೀರಿನ ಫಿಲ್ಟರ್‌ನವರೂ ಹಿಂಗೇ ಬಂದಿದ್ರು. ಮೊದ್ಲು ಹೆದರ್ಸೋದು, ಆಮೇಲೆ ವೈರ್ ಬದಲಾಯಿಸ್ಬೇಕು, ಬೋರ್ಡ್ ಬದಲಾಯಿಸ್ಬೇಕು ಅನ್ನೋದು. ಇಷ್ಟು ವರ್ಷ ಏನೂ ಆಗಿಲ್ಲ ಕಣಪ್ಪಾ. ಹೋಗು, ಹೋಗು."

"ಒಂದ್ಸಲ ಬಲ್ಬ್ ಹಿಡಿದು ತೋರಿಸ್ತೀನಿ, ನೀವೇ ನೋಡಿ."

ಗೇಟಿನ ಚಿಲಕ ಬಿತ್ತು. ವಜೀರ್ ಸಾಬರು ಜೇಬಿನಿಂದ ಕಾಗದ ತೆಗೆದು, ಟ್ರಿಪ್ ಸ್ವಿಚ್ಚಿನ ಹೆಸರು, ಅಳತೆ, ತಮ್ಮ ಫೋನ್ ನಂಬರು ಬರೆದು ಗೇಟಿನ ಸಂದಿಯಲ್ಲಿ ಸಿಕ್ಕಿಸಿದರು. ವಾರ ಬಿಟ್ಟು ಮತ್ತೆ ಹೋದರು. ಆಗ ಮುದ್ದಪ್ಪ ಬಾಗಿಲನ್ನೇ ತೆಗೆಯಲಿಲ್ಲ.

ಅಂತರಘಟ್ಟೆಗೆ ಹೋಗಲು ಅವರಿಗೆ ಎಲ್ಲಕ್ಕಿಂತ ಹೆಚ್ಚು ದಿನ ಬೇಕಾಯಿತು. ಅಲ್ಲಿ ಮನೆಗೂ ಪಕ್ಕದ ತಗಡಿನ ಕೊಟ್ಟಿಗೆಗೂ ಲೈನ್ ಎಳೆದಿದ್ದರು. ಮನೆಯವನು ಕೆಂಪರಾಜು, ಈರುಳ್ಳಿ ಬೆಳೆದು ಡೈರಿಗೆ ಹಾಲು ಹಾಕುವವನು, ಗುರುತು ಹಿಡಿದು ಮಜ್ಜಿಗೆ ಕೊಟ್ಟ. ವಜೀರ್ ಸಾಬರು ಲೋಟ ಕೈಯಲ್ಲಿ ಹಿಡಿದುಕೊಂಡೇ ವಿಷಯ ಹೇಳಿದರು. ಹೇಳಿ ಮುಗಿಸುವ ಹೊತ್ತಿಗೆ ಕೆಂಪರಾಜು ಕೊಟ್ಟಿಗೆಯ ಕಡೆ ನೋಡುತ್ತಿದ್ದ.

"ಕೊಟ್ಟಿಗೆ ಕಬ್ಬಿಣದ ಕಂಬಕ್ಕೂ ಬತ್ತದಾ ಅದು? ಮಳೇಲಿ?"

"ಬರ್ತದೆ."

"ಹನ್ನೊಂದು ವರ್ಸದ ಹಿಂದೆ ಒಂದು ಎಮ್ಮೆ ಇತ್ತು. ಮಳೆ ಹುಯ್ತಿತ್ತು. ಬೆಳಿಗ್ಗೆ ಹಾಲು ಕರೆಯಕ್ಕೆ ಹೋದ್ರೆ ಕಂಬದ ಪಕ್ಕ ಬಿದ್ದಿತ್ತು, ಹಗ್ಗ ಬಿಗ್ದಂಗೇ. ಹಾವು ಕಡ್ದದೆ ಅಂದ್ರು. ಹಿತ್ಲಲ್ಲಿದ್ದ ಬಿಲ ಎಲ್ಲಾ ಅಗ್ದು ಹಾಕಿದ್ವಿ. ನಮ್ಮವ್ವ ನಾಗಪ್ಪಂಗೆ ಹರಕೆ ಕಟ್ಕೊಂಡ್ಳು."

ವಜೀರ್ ಸಾಬರು ಲೋಟ ಕೆಳಗಿಟ್ಟರು. ಅದೇ ಎಂದು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ, ಅಲ್ಲ ಎಂದೂ ಹೇಳಲು ಆಗುತ್ತಿರಲಿಲ್ಲ. "ಕರೆಂಟೇ ಇರಬೋದು ಕೆಂಪರಾಜು," ಎಂದರು. "ಹಾವಲ್ಲ ಅನ್ಸತ್ತೆ ನಂಗೆ."

ಕೆಂಪರಾಜು ಎದ್ದು ಹೋಗಿ ಕೊಟ್ಟಿಗೆಯ ಕಂಬದ ಹತ್ತಿರ ನಿಂತ. ಅಲ್ಲೀಗ ಎರಡು ಹಸುಗಳಿದ್ದವು. ಹಗ್ಗ ಬಿಚ್ಚಿ ಅವುಗಳನ್ನು ಹೊರಗೆ ಹುಣಸೆ ಮರಕ್ಕೆ ಕಟ್ಟಿದ. ವಾಪಸು ಬಂದಾಗ ಅವನ ಕೈಯಲ್ಲಿ ಹಾರೆ ಇತ್ತು. ವಜೀರ್ ಸಾಬರು ಕೂತಲ್ಲೇ ಒಂದಿಷ್ಟು ಹಿಂದೆ ಸರಿದರು.

"ಎಮ್ಮೆ ಹೋಗಿದ್ದು ಹೋಯ್ತು," ಎಂದ ಕೆಂಪರಾಜು. "ಅವತ್ತು ನಮ್ಮವ್ವ ಹಾಲು ಕರೆಯಕ್ಕೆ ಹೋಗಿದ್ರೆ? ಅದನ್ನ ಯೋಚ್ನೆ ಮಾಡಕ್ಕೆ ಆಗ್ತಿಲ್ಲ ನಂಗೆ. ಎಲ್ಲಿ ಅಗೀಬೇಕು ತೋರ್ಸಿ."

ವಜೀರ್ ಸಾಬರು ಎದ್ದು ಹಾರೆಗೆ ಕೈ ಚಾಚಿದರು. ಎರಡು ಏಟು ಹಾಕುವಷ್ಟರಲ್ಲಿ ಮಂಡಿ ಕುಸಿದು ಮಣ್ಣಿನ ಮೇಲೆ ಕೂತುಬಿಟ್ಟರು. ಕೆಂಪರಾಜು ಹಾರೆ ಕಸಿದುಕೊಂಡ. "ಕುಂತ್ಕಳಿ ಅಲ್ಲಿ. ಬಾಯಲ್ಲಿ ಹೇಳಿ ಸಾಕು," ಎಂದ. ದನಿಯಲ್ಲಿ ಕರುಣೆಯೇನೂ ಇರಲಿಲ್ಲ. ಸಂಜೆಯವರೆಗೂ ಅವನು ಅಗೆದ, ಇವರು ಹೇಳಿದರು. ಇದ್ದಿಲು, ಉಪ್ಪು, ಪೈಪು. ಕತ್ತಲಾಗುವ ಮುಂಚೆ ಬಲ್ಬು ಉರಿಯಿತು. ಕೆಂಪರಾಜು ಬೈಕಿನಲ್ಲಿ ಅಜ್ಜಂಪುರದವರೆಗೆ ಬಿಟ್ಟ. ಇಳಿಸುವಾಗ, "ಹುಷಾರಾಗಿ ಹೋಗಿ," ಎಂದ.

ಆಮೇಲೆ ವಜೀರ್ ಸಾಬರು ಏಣಿ ಹತ್ತುವ ಕೆಲಸ ಪೂರ್ತಿ ಬಿಟ್ಟರು. ಬಿಟ್ಟರು ಎನ್ನುವುದಕ್ಕಿಂತ ಮೈ ಬಿಡಿಸಿತು. ಕಡೂರಿನ ಮನೆಯೊಂದು ಮಾತ್ರ ಮನಸ್ಸಿನಲ್ಲಿ ಕೂತಿತ್ತು. ಮತ್ತೆ ಹೋಗಲು ಕಾಲು ಬರಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮುದ್ದಪ್ಪನವರ ಸೊಸೆ ಸ್ಫೂರ್ತಿ.

"ಸಾಬ್ರೇ, ನೀವು ಗೇಟಲ್ಲಿ ಸಿಕ್ಸಿದ್ದ ಚೀಟಿ ನಾನು ಎತ್ತಿಟ್ಕೊಂಡಿದ್ದೆ. ನಮ್ಮಾವ ಗುಂಡಿಗೆ ಒಪ್ತಿಲ್ಲ. ಇಲ್ಲೇ ಕಡೂರಲ್ಲಿ ಒಬ್ರನ್ನ ಕರೆಸಿ ಆ ಟ್ರಿಪ್ ಸ್ವಿಚ್ ಹಾಕಿಸ್ದೆ. ಅದು ಸಾಕಾ?"

"ಗುಂಡಿನೂ ಬೇಕಮ್ಮಾ. ಆದ್ರೆ ಜೀವ ಉಳಿಸಕ್ಕೆ ಅದು ಆಗ್ತದೆ. ಅದರ ಮೇಲೆ ಟಿ ಅಂತ ಒಂದು ಸಣ್ಣ ಬಟನ್ ಇದೆಯಲ್ಲ, ಒತ್ತಿ."

"ಒತ್ತಿದ್ರೆ?"

"ಬೀಳ್ಬೇಕು. ಬಿದ್ರೆ ಸರಿ ಇದೆ ಅಂತ. ತಿಂಗಳಿಗೊಂದ್ಸಲ ಒತ್ತಿ ನೋಡ್ತಿರಿ."

ಫೋನಿನಲ್ಲಿ ಚಪ್ಪಲಿಯ ಸದ್ದು, ಆಮೇಲೆ ಟಕ್ ಎಂಬ ಸದ್ದು, ಅದರ ಹಿಂದೆಯೇ "ಕರೆಂಟ್ ಯಾಕೆ ಹೋಯ್ತು ಲೇ?" ಎಂಬ ಮುದ್ದಪ್ಪನವರ ಕೂಗು ಕೇಳಿಸಿತು.

"ಬಿತ್ತು," ಎಂದಳು ಸ್ಫೂರ್ತಿ.

"ಒಳ್ಳೇದಾಯ್ತಮ್ಮಾ. ಈಗ ಎತ್ತಿಬಿಡಿ," ಎಂದು ಹೇಳಿ ವಜೀರ್ ಸಾಬರು ಫೋನನ್ನು ದಿಂಬಿನ ಪಕ್ಕ ಇಟ್ಟು, ಗೋಡೆಯ ಕಡೆ ಮಗ್ಗುಲಾದರು. ಶಮ್ಶುನ್ನೀಸಾ ಊಟಕ್ಕೆ ಎಬ್ಬಿಸಲು ಬಂದಾಗ ಅವರು ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು. ಅವಳು ಎಬ್ಬಿಸಲಿಲ್ಲ.